ನಾನು ಕಟ್ಟಿದ ಮುದ್ದೆಯ ತೂಕ

ಆಸ್ಪತ್ರೆಯ ಅಡುಗೆಯವನಿಗೆ ಬರೆಯುವಷ್ಟು ಏನಿದೆ ಎಂದು ನನ್ನ ತಮ್ಮನ ಮಗಳೇ ಕೇಳಿದಳು. ಇದೆ. ಡಾಕ್ಟರು ದಿನಕ್ಕೊಮ್ಮೆ ಬಂದು ರೋಗಿಯನ್ನು ನೋಡಿ ಹೋಗುತ್ತಾರೆ. ನಾನು ದಿನಕ್ಕೆ ಮೂರು ಹೊತ್ತು ಅವನ ಹೊಟ್ಟೆಯೊಳಕ್ಕೇ ಹೋಗುತ್ತಿದ್ದೆ. ಅಲ್ಲಿ ಒಳ್ಳೆಯದನ್ನೂ ಮಾಡಿದ್ದೇನೆ, ಕೆಟ್ಟದ್ದನ್ನೂ ಮಾಡಿದ್ದೇನೆ. ಒಳ್ಳೆಯದಕ್ಕೆ ನಿವೃತ್ತಿಯ ದಿನ ಶಾಲು ಹೊದಿಸಿದರು. ಕೆಟ್ಟದ್ದರ ಬಗ್ಗೆ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಇಂಥ ಅಡುಗೆಮನೆಗೆ ಹೊಸದಾಗಿ ಸೇರುವವರು ಓದಲಿ. ಓದಿ ನನ್ನನ್ನು ಬೈದುಕೊಂಡರೂ ಚಿಂತೆಯಿಲ್ಲ, ನಾನು ಮಾಡಿದ್ದನ್ನು ಮಾಡದಿದ್ದರೆ ಸಾಕು.

ನನ್ನ ಹೆಸರು ಹನುಮಂತಯ್ಯ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೊದಲು ದೊಡ್ಡಬಳ್ಳಾಪುರದಲ್ಲಿ ಮದುವೆ ಅಡುಗೆ ಮಾಡುತ್ತಿದ್ದೆ. ಆಮೇಲೆ ನೆಲಮಂಗಲದ ಹೆದ್ದಾರಿ ಪಕ್ಕದ ಮಿಲಿಟರಿ ಹೋಟೆಲಿನಲ್ಲಿ ಲಾರಿ ಡ್ರೈವರುಗಳಿಗೆ ಮುದ್ದೆ, ಕಾಲು ಸಾರು. ಅಲ್ಲಿಂದ ದೊಡ್ಡಬಳ್ಳಾಪುರ ರಸ್ತೆಯಲ್ಲಿದ್ದ ಒಂದು ಪುನಶ್ಚೇತನ ಕೇಂದ್ರಕ್ಕೆ ಸೇರಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋದವರು ಅಲ್ಲಿಗೆ ಬರುತ್ತಿದ್ದರು. ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಗೋದಾಮಿನಲ್ಲಿ ಮೂಟೆ ಮೈಮೇಲೆ ಉರುಳಿದವರು. ಆಪರೇಷನ್ ಬೇರೆಲ್ಲೋ ಆಗಿರುತ್ತಿತ್ತು. ಗಾಲಿಕುರ್ಚಿಯಲ್ಲಿ ಬದುಕುವುದನ್ನು ನಮ್ಮಲ್ಲಿ ಕಲಿಸುತ್ತಿದ್ದರು. ಕಲಿಯಲು ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ನನ್ನ ಕೈ ಊಟ.

ಮದುವೆ ಅಡುಗೆಯವನಿಗೆ ಒಂದು ಹೆಮ್ಮೆ ಇರುತ್ತದೆ. ಎಲೆಯ ಮುಂದೆ ಕೂತವನು ಎರಡು ಕೈ ಅಡ್ಡ ಹಿಡಿದು ಸಾಕು ಸಾಕು ಎಂದರೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಬಡಿಸಬೇಕು. ಬಡಿಸದಿದ್ದರೆ ಜಿಪುಣ ಎನ್ನುತ್ತಾರೆ. ಆ ಹೆಮ್ಮೆಯನ್ನು ನಾನು ಆಸ್ಪತ್ರೆಗೂ ಹೊತ್ತುಕೊಂಡು ಬಂದೆ.

ಮೊದಲ ಏಟು ನೀರಿನ ವಿಷಯದಲ್ಲಿ ಬಿತ್ತು. ದೇವನಹಳ್ಳಿ ಕಡೆಯ ಒಬ್ಬ ಕ್ಯಾಬ್ ಡ್ರೈವರ್ ಇದ್ದ. ಒಂದು ದಿನ ತಟ್ಟೆ ಇಡುವಾಗ ನನ್ನ ಕೈ ಹಿಡಿದುಕೊಂಡ.

"ಅಣ್ಣಾ, ಮಜ್ಜಿಗೆ ಬೇಡ. ಸಾರೂ ಕಮ್ಮಿ ಹಾಕು. ಕುಡಿದ್ರೆ ಮತ್ತೆ ಪೈಪ್ ಹಾಕ್ಕೊಂಡು ಉಚ್ಚೆ ತೆಗೀಬೇಕು. ದಿನಕ್ಕೆ ಎಷ್ಟ್ ಸಲ ಅಂತ ಮಾನ ಕಳ್ಕೊಳ್ಳೋದು?"

ಪಾಪ ಎನ್ನಿಸಿತು. ಅವನಿಗೆ ಒಣ ಒಣ ಊಟ ಕೊಟ್ಟೆ: ಚಪಾತಿ, ಪಲ್ಯ, ಚಟ್ನಿಪುಡಿ. ಕೆಲವೇ ವಾರಗಳಲ್ಲಿ ಮೂತ್ರಕ್ಕೆ ಸೋಂಕು ತಗುಲಿ ಮಂಚ ಅಲ್ಲಾಡುವಂಥ ಚಳಿಜ್ವರ ಬಂತು. ಮಲ ಕಲ್ಲಾಗಿ ನಿಂತುಹೋಯಿತು. ದೊಡ್ಡ ಡಾಕ್ಟರಮ್ಮ ಅಡುಗೆಮನೆಗೇ ಬಂದರು.

"ಹನುಮಂತಯ್ಯ, ಅವನಿಗೆ ನೀರು ನಿಲ್ಲಿಸಿದ್ದು ಯಾರು?"

"ಅವ್ನೇ ಬೇಡ ಅಂದ, ಮೇಡಂ."

"ಅವನು ಬೇಡ ಅಂದ. ನೀವ್ಯಾಕೆ ಹೂಂ ಅಂದ್ರಿ?"

ಜ್ವರ ಬಿಟ್ಟ ಮೇಲೆ, ಅವರು ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಚೊಂಬು ಹಿಡಿದುಕೊಂಡು ಅವನ ಮಂಚದ ಪಕ್ಕ ನಿಂತೆ. ಅವನು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈದುಕೊಂಡೇ ಕುಡಿದ. ಬೆನ್ನುಹುರಿ ಹೋದವರ ವಿಷಯದಲ್ಲಿ ಕನಿಕರ ಎಂಬುದು ಎಷ್ಟು ಅಪಾಯದ ಸಾಮಾನು ಎಂದು ಅಂದೇ ನನಗೆ ಗೊತ್ತಾಗಬೇಕಿತ್ತು. ಆಗಲಿಲ್ಲ. ನೀರಿಗೆ ಮಾತ್ರ ಆ ಬುದ್ಧಿ ಎಂದುಕೊಂಡೆ.

ಆಮೇಲೆ ಮುನಿರಾಜು ಬಂದ. ಸಾಸಲು ಕಡೆಯ ಹಳ್ಳಿಯವನು, ಮೂವತ್ತು ತುಂಬಿರಲಿಲ್ಲ. ಹುಣಸೆಹಣ್ಣು ಉದುರಿಸಲು ಮರ ಹತ್ತಿ ಕೊಂಬೆ ಮುರಿದು ಬಿದ್ದಿದ್ದ. ನಮ್ಮಲ್ಲಿಗೆ ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಜೊತೆಗೆ ತಾಯಿ ನಂಜಮ್ಮ. ಬಂದ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಒಮ್ಮೆ ಅಳೆದು ನೋಡಿದಳು.

"ನೀನೇನಣ್ಣ ಅಡ್ಗೆಯವ್ನು? ನನ್ನ ಮಗ ಹಿಟ್ಟು ಇಲ್ದೆ ಬದುಕಲ್ಲ. ಡಾಕ್ಟ್ರು ಇವತ್ತಿಗೆ ಏನೋ ಗಂಜಿ ಅಂತವ್ರೆ. ನೋಡ್ಕೋ."

ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೇಳುವುದು. ಆ ಮಾತು ಕೇಳಿ ನನಗೆ ಊರಿನವಳೇ ಸಿಕ್ಕಂತಾಯಿತು.

ಮುನಿರಾಜುವಿಗೆ ಒಂದು ಗುರಿಯಿತ್ತು. ಅವನ ಹಳ್ಳಿಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಜಾಗ ಖಾಲಿಯಾಗುವುದರಲ್ಲಿತ್ತು. ಕೂತು ಮಾಡುವ ಕೆಲಸ. "ನೀನಾಗೇ ಬಂದು ನೀನಾಗೇ ಕೂತ್ಕೊಳ್ಳೋ ಹಂಗಿದ್ರೆ ಜಾಗ ನಿಂದೇ ಕಣೋ, ಯುಗಾದಿವರೆಗೂ ಇಟ್ಟಿರ್ತೀನಿ" ಎಂದು ಡೈರಿಯ ಕಾರ್ಯದರ್ಶಿ ಆಸ್ಪತ್ರೆಗೇ ಬಂದು ಹೇಳಿ ಹೋಗಿದ್ದರು. ನೀನಾಗೇ ಎಂದರೆ, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಪಕ್ಕಚಕ್ರ ಹಾಕಿದ ಸ್ಕೂಟರಿಗೆ, ಬರೀ ತೋಳಿನ ಬಲದಲ್ಲಿ ಮೈಯನ್ನು ಎತ್ತಿ ಇಡಬೇಕು. ವ್ಯಾಯಾಮ ಮಾಡಿಸುವ ಸೆಲ್ವಂ ಮಾಸ್ತರು, ಅವನು ಬಂದ ಎರಡನೇ ತಿಂಗಳಿಗೇ, ಅವನಿಂದ ಅದನ್ನು ಮಾಡಿಸಿಬಿಟ್ಟಿದ್ದರು. ಅಂಗೈ ಊರಿ ಒಂದು ಸಲ ಜಗ್ಗಿದರೆ ಹಗುರ ಮೈ ಮೇಲೆದ್ದು ಕುರ್ಚಿಗೆ ಬಂದು ಕೂರುತ್ತಿತ್ತು. ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದ್ದರು.

ಅದೇ ಹೊತ್ತಿಗೆ ಶೈಲಜಾ ಮೇಡಂ ಕೆಲಸಕ್ಕೆ ಸೇರಿದರು. ಡಯಟಿಷಿಯನ್. ನನ್ನ ಮಗಳ ವಯಸ್ಸು, ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅದುವರೆಗೆ ನಮ್ಮಲ್ಲಿ ಚಾರ್ಟು ಇರಲಿಲ್ಲ. ಹಸಿವಿದ್ದಷ್ಟು ಊಟ, ಅಷ್ಟೆ. ಅವರು ಬಂದು ಪ್ರತಿ ಮಂಚಕ್ಕೂ ಒಂದು ಚಾರ್ಟು ನೇತು ಹಾಕಿದರು. ಮೊದಲ ವಾರ ಬೆಳಗ್ಗೆ ಓಟ್ಸ್ ಗಂಜಿ.

"ಮೇಡಂ, ಇದು ಕುದುರೆಗಲ್ವಾ ಹಾಕೋದು?" ಎಂದ ಮುನಿರಾಜು. "ನಾಳೆ ಹುರುಳಿನೂ ನೆನೆಹಾಕ್ಬಿಡಿ, ರೇಸಿಗೆ ಬಿಡ್ಬಹುದು."

ಇಡೀ ವಾರ್ಡು ನಕ್ಕಿತು. ಮೇಡಂ ಮುಖ ಕೆಂಪಾಯಿತು. ನಾನೂ ಜಗಳ ಮಾಡಿದೆ. ತಿನ್ನುವ ಬಾಯಿ ಯಾವ ಊರಿನದು ಎಂದು ಕೇಳದೆ ಚಾರ್ಟು ಬರೆಯಬೇಡಿ ಎಂದೆ. ಆ ಮಾತನ್ನು ಇವತ್ತಿಗೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಅವರು ಒಪ್ಪಿದರು. ಓಟ್ಸ್ ಹೊಡೆದುಹಾಕಿ, ಮಧ್ಯಾಹ್ನಕ್ಕೆ ಒಂದು ಮುದ್ದೆ, ಸೊಪ್ಪಿನ ಸಾರು, ಕಾಳು, ಒಂದು ಮೊಟ್ಟೆ, ಮಜ್ಜಿಗೆ ಎಂದು ಬರೆದರು. ರಾತ್ರಿಗೂ ಒಂದೇ ಮುದ್ದೆ.

"ಒಂದೇನಾ ಮೇಡಂ? ಬಿದ್ದು ಮುರಿದಿರೋ ಮೈ."

"ಹನುಮಂತಯ್ಯನವರೇ, ಶುರುವಿನಲ್ಲಿ ಇಳಿದುಹೋಗಿದ್ದನ್ನ ತುಂಬಿಸಿ ಆಯ್ತು. ಈಗ ಇವ್ರಿಗೆ ಮುಂಚಿನಷ್ಟು ಬೇಕಾಗಲ್ಲ. ತೊಡೆ, ಕಾಲು ಕೆಲಸ ಮಾಡ್ತಿಲ್ಲ. ಅಲ್ಲಿನ ಮಾಂಸ ಕರಗಿದೆ. ತಿಂದಿದ್ದನ್ನ ಉರಿಸೋ ಜಾಗನೇ ಕಮ್ಮಿ ಆಗಿದೆ. ಮಿಕ್ಕಿದ್ದೆಲ್ಲ ಹೊಟ್ಟೆ ಸುತ್ತ ಕೂರುತ್ತೆ."

ತಲೆಯಾಡಿಸಿದೆ. ಒಪ್ಪಲಿಲ್ಲ. ಓದಿದವರಿಗೆ ಹಸಿವು ಗೊತ್ತಿಲ್ಲ ಎಂದುಕೊಂಡೆ. ಅವತ್ತು ಮಧ್ಯಾಹ್ನ ಕೈ ಒದ್ದೆ ಮಾಡಿಕೊಂಡು, ಮಣೆಯ ಮೇಲೆ ಮುನಿರಾಜುವಿನ ಮುದ್ದೆಯನ್ನು ಉರುಳಿಸುವಾಗ ನನ್ನ ಕೈ ತಾನಾಗಿ ದೊಡ್ಡದಾಯಿತು ಎಂದು ಬರೆದರೆ ಸುಳ್ಳು. ಬೇಕೆಂದೇ ದೊಡ್ಡದು ಮಾಡಿದೆ. ಚಾರ್ಟಿನಲ್ಲಿ ಒಂದು ಮುದ್ದೆ ಇತ್ತು, ತಟ್ಟೆಯಲ್ಲೂ ಒಂದೇ ಮುದ್ದೆ ಇತ್ತು. ಯಾರೂ ಬೆರಳು ಮಾಡುವಂತಿರಲಿಲ್ಲ. ಅದು ಲಾರಿ ಡ್ರೈವರ್ ತಿನ್ನುವ ಮುದ್ದೆ ಎಂಬುದು ನನಗೊಬ್ಬನಿಗೆ ಗೊತ್ತು ಎಂದು ತಿಳಿದಿದ್ದೆ. ಹೀಗೆ ತಿಂಗಳುಗಟ್ಟಲೆ, ದಿನಕ್ಕೆರಡು ಹೊತ್ತು.

ನಿಲ್ಲಲಾಗದವರನ್ನು ತೂಗುವ ಯಂತ್ರ ನಮ್ಮಲ್ಲಿರಲಿಲ್ಲ. ರಸ್ತೆಯಾಚೆ ದನದ ಹಿಂಡಿಯ ಗೋದಾಮಿತ್ತು. ಅಲ್ಲಿ ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲೆ ಕುರ್ಚಿ ಸಮೇತ ನಿಲ್ಲಿಸಿ, ಕುರ್ಚಿಯ ತೂಕ ಕಳೆಯುತ್ತಿದ್ದರು.

"ಏನ್ ಗುರು, ಹೊಸ ಲೋಡಾ?" ಎಂದು ಹಮಾಲಿಗಳು ಕೂಗುತ್ತಿದ್ದರು.

"ಬಿಲ್ ಹಾಕ್ಬೇಡ್ರಪ್ಪ, ರಿಟರ್ನ್ ಮಾಲು!" ಎನ್ನುತ್ತಿದ್ದ ಮುನಿರಾಜು.

ಪ್ರತಿ ಸಲವೂ ಮುಳ್ಳು ಮುಂದಕ್ಕೆ ಹೋಗುತ್ತಿತ್ತು. ಶೈಲಜಾ ಮೇಡಂ ಹುಬ್ಬು ಗಂಟಿಕ್ಕುತ್ತಿದ್ದರು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಕೆನ್ನೆ ತುಂಬಿತ್ತು. ಊರಿನಿಂದ ನೋಡಲು ಬಂದವರು "ಒಳ್ಳೆ ಗುಂಡ್‌ಗುಂಡಗಾಗವ್ನೆ" ಎಂದು ಹೊಗಳುತ್ತಿದ್ದರು. ತೊಡೆಯ ಪಕ್ಕ ಕುರ್ಚಿಯ ತಗಡು ಒತ್ತಿ ಗುರುತು ಬಿದ್ದಿದ್ದನ್ನೂ ಕಂಡೆ. ಮೈ ತುಂಬಿಕೊಂಡ ಗುರುತು ಎಂದು ಸಂತೋಷಪಟ್ಟೆ. ನನ್ನಂಥ ಮೂರ್ಖ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಒಂದು ಬೆಳಗ್ಗೆ ಸೆಲ್ವಂ ಮಾಸ್ತರು ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ತೆಗೆದುಕೊಳ್ಳುತ್ತಾ ಅಂದರು: "ಅಣ್ಣೇ, ನಮ್ ಮುನಿರಾಜು ಏಳ್ತಾ ಇಲ್ಲ. ಕೈ ಅದೇ ಕೈ. ತೋಳೂ ಅದೇ. ಹಿಂದುಗಡೆ ಮಾತ್ರ ಮಂಚ ಬಿಟ್ಟು ಮೇಲಕ್ ಬರ್ತಿಲ್ಲ. ಎಳ್ಕೊಂಡ್ ಎಳ್ಕೊಂಡ್ ಹೋಗ್ತಾನೆ. ಭುಜ ನೋವು ಅಂತಾನೆ."

ನನ್ನ ಮುದ್ದೆ ನೆನಪಾಯಿತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಅದೇ ವಾರ ಶೈಲಜಾ ಮೇಡಂ ನಂಜಮ್ಮನ ಚೀಲ ತೆಗೆಸಿ ನೋಡಿದರು. ಒಂದು ಡಬ್ಬಿಯಲ್ಲಿ ನಾಲ್ಕು ಕೊಬ್ಬರಿ ಮಿಠಾಯಿ ಸಿಕ್ಕಿತು.

"ಚಾರ್ಟ್ ಸರಿಯಾಗಿದೆ, ಊಟ ಸರಿಯಾಗಿ ಹೋಗ್ತಿದೆ. ಮತ್ತೆ ತೂಕ ಎಲ್ಲಿಂದ ಬರ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ. ನೀವಾ ಅಮ್ಮ?"

"ಅದು ನಾನ್ ತಿನ್ನಕೆ ತಂದಿದ್ದು ಕಣವ್ವ. ನನ್ ಮಗನ್ ಮೇಲಾಣೆ, ಅವನ ಬಾಯಿಗೆ ಇಕ್ಕಿಲ್ಲ."

"ಹೀಗಾದ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ಮನೆಗೆ ಹೋಗಿ. ಭಾನುವಾರ ಬಂದು ನೋಡ್ಕೊಂಡ್ ಹೋಗಿ."

ಇಡೀ ವಾರ್ಡಿನ ಎದುರು ಈ ಮಾತು ನಡೆಯಿತು. ನಾನು ಸಾರಿನ ಬಕೆಟ್ಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನಂಜಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿ ಪಕ್ಕದ ಮಂಚದವನಿಗೆ ಸಾರು ಬಿಟ್ಟೆ. ಅವಳು ಸೀರೆಯ ಸೆರಗು ಬಿಗಿದು, ಚೀಲ ಹೆಗಲಿಗೇರಿಸಿ, ದೊಡ್ಡಬಳ್ಳಾಪುರದ ಬಸ್ಸಿಗೆ ನಡೆದುಕೊಂಡು ಹೋದಳು. ನನ್ನ ಕೆಲಸದ ಬದುಕಿನಲ್ಲಿ ಉಪ್ಪು ಹೆಚ್ಚಾಗಿದೆ, ಅನ್ನ ತಳ ಹಿಡಿದಿದೆ, ಹಾಲು ಒಡೆದಿದೆ. ಅವೆಲ್ಲ ಅಡುಗೆಯವನ ತಪ್ಪು. ಅವತ್ತಿನದು ಮನುಷ್ಯನ ತಪ್ಪು.

ಅದಾಗಿ ಹತ್ತು ದಿನವಾಗಿರಲಿಲ್ಲ, ಮುನಿರಾಜುವಿನ ಹಿಂಭಾಗದಲ್ಲಿ ಹುಣ್ಣು ಕಂಡಿತು. ಮಂಚದ ಮೇಲೆ ಮೈ ಎಳೆದು ಎಳೆದು ಚರ್ಮ ಸುಲಿದಿತ್ತು, ಬಿಗಿಯಾದ ಕುರ್ಚಿ ಒತ್ತಿತ್ತು. ಅಲ್ಲಿ ಸ್ಪರ್ಶವೇ ಇಲ್ಲದ್ದರಿಂದ ಅವನಿಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರಮ್ಮ ಕುರ್ಚಿ ಕಿತ್ತುಕೊಂಡರು. ಬೋರಲು ಮಲಗಬೇಕು, ಎಷ್ಟು ದಿನ ಎಂದು ಕೇಳಬೇಡ ಎಂದರು.

"ಯುಗಾದಿ?" ಎಂದ ಅವನು.

ಡಾಕ್ಟರಮ್ಮ ಹುಣ್ಣು ತೊಳೆಯಲು ಶುರು ಮಾಡಿದರು.

ನಾನು ಹೆದರಿಹೋದೆ. ಹೆದರಿದವನು ಮಾಡುವ ಕೆಲಸವನ್ನೇ ಮಾಡಿದೆ, ಇನ್ನೊಂದು ಕಡೆಗೆ ವಾಲಿದೆ. ಮುದ್ದೆಯನ್ನು ಅಂಗೈಗಿಂತ ಚಿಕ್ಕದು ಮಾಡಿದೆ. ಅಷ್ಟಕ್ಕೇ ನಿಲ್ಲದೆ ಮೊಟ್ಟೆ ತೆಗೆದೆ, ಕಾಳು ಕಮ್ಮಿ ಮಾಡಿದೆ, ಮಜ್ಜಿಗೆಯನ್ನು ನೀರು ಮಾಡಿದೆ. ಕೊಬ್ಬು ಇಳಿದರೆ ಹುಣ್ಣು ಮಾಯುತ್ತದೆ ಎಂಬುದು ನನ್ನ ಲೆಕ್ಕ. ಹುಣ್ಣು ಮಾಯುವ ಬದಲು ಆಳವಾಯಿತು. ಮೂರನೇ ವಾರ ಶೈಲಜಾ ಮೇಡಂ ಅವನ ತಟ್ಟೆಯನ್ನೇ ಎತ್ತಿಕೊಂಡು ಅಡುಗೆಮನೆಗೆ ಬಂದರು.

"ಮೊಟ್ಟೆ ಎಲ್ಲಿ? ಗಾಯಕ್ಕೆ ಅಂತ ಎರಡು ಬರ್ದಿದೀನಲ್ಲ! ಹುಣ್ಣು ತುಂಬೋಕೆ ಮಾಂಸ ಎಲ್ಲಿಂದ ಬರುತ್ತೆ ಹನುಮಂತಯ್ಯನವರೇ? ಗಾಳಿಯಿಂದನಾ?"

ಆಗ ಒಳಗಿದ್ದದ್ದೆಲ್ಲ ಹೊರಬಂತು. ಬಾಯಲ್ಲಿ ಹೇಳಲು ಆಗಲಿಲ್ಲ. ಒಲೆಯ ಮೇಲೆ ಹಿಟ್ಟು ಇತ್ತು. ಹುಣ್ಣು ಕಾಣುವವರೆಗೆ ಮುನಿರಾಜುವಿಗೆ ಕಟ್ಟುತ್ತಿದ್ದಂಥದ್ದೇ ಒಂದು ಮುದ್ದೆ ಕಟ್ಟಿ, ತರಕಾರಿ ತೂಗುವ ತಕ್ಕಡಿಯ ಮೇಲಿಟ್ಟೆ. ಪಕ್ಕದ ಮಂಚದವನಿಗೆ ಕಟ್ಟುವಂಥದ್ದು ಇನ್ನೊಂದು ಕಟ್ಟಿ ಅದನ್ನೂ ತೂಗಿದೆ. ನಾನು ಒಂದು ಎಂದು ಕೊಟ್ಟದ್ದು ಅವರ ಲೆಕ್ಕದ ಒಂದೂ ಮುಕ್ಕಾಲು ಮುದ್ದೆ ಆಗಿತ್ತು.

ಮೇಡಂ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಅವ್ರ ತಾಯಿನ ನಾನು ಕಳ್ಳಿ ಥರ ಆಚೆ ಹಾಕಿದೆ" ಎಂದರು. "ನೀವು ಅಲ್ಲೇ ಇದ್ರಿ."

"ಇದ್ದೆ."

"ನಿಮ್ಮ ಕೆಲಸದ ವಿಷಯ ಆಮೇಲೆ. ಮೊದಲು ಹೋಗಿ ಅವ್ರನ್ನ ಕರ್ಕೊಂಡ್ ಬನ್ನಿ. ನೀವೇ ಹೇಳಿ. ನಾನೂ ಕ್ಷಮೆ ಕೇಳ್ಬೇಕು, ಬಂದ್ಮೇಲೆ ಕೇಳ್ತೀನಿ."

ಮಾರನೇ ದಿನ ಸಾಸಲು ಬಸ್ಸು ಹತ್ತಿದೆ. ನಂಜಮ್ಮ ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ನಿಂತೇ ಹೇಳಿದೆ, ಒಂದೂ ಬಿಡದೆ. ಅವಳು ಮೊರ ನಿಲ್ಲಿಸಲಿಲ್ಲ.

"ಗೊತ್ತು" ಎಂದಳು.

"ಏನು ಗೊತ್ತು?"

"ನಾನು ಹುಟ್ದಾಗಿಂದ ಹಿಟ್ಟು ಕಟ್ಟಿರೋಳು ಕಣಯ್ಯ. ನನ್ ಕಣ್ಣಿಗೆ ಮುದ್ದೆ ಗಾತ್ರ ಕಾಣಾಕಿಲ್ವಾ? ಮೊದಲ್ನೇ ದಿನವೇ ಕಂಡೆ. ಖುಷಿಯಾಯ್ತು. ಯಾರೋ ಪುಣ್ಯಾತ್ಮ ನನ್ ಮಗಂಗೆ ಹೊಟ್ಟೆ ತುಂಬ ಇಕ್ತವ್ನೆ ಅಂದ್ಕೊಂಡೆ."

"ಮತ್ತೆ ಅವತ್ತು ಎಲ್ಲಾರ್ ಮುಂದೆ ನಿನ್ನನ್ನ ಅಂದಾಗ ಯಾಕಕ್ಕಾ ಸುಮ್ನಿದ್ದೆ?"

"ನಿನ್ ಹೆಸರು ಎತ್ತಿದ್ರೆ ನಾಳಿಂದ ಆ ಮುದ್ದೆ ನಿಂತೋಗ್ತಿತ್ತು. ಅದ್ಕೇ ಬಾಯ್ ಮುಚ್ಕೊಂಡೆ." ಆಗ ಮೊರ ನಿಂತಿತು. "ಇಬ್ರೂ ಸೇರಿ ನನ್ ಮಗನ್ನ ಬೋರಲು ಮಲಗಿಸಿದ್ವಲ್ಲಯ್ಯ."

ಅವತ್ತೇ ಬಸ್ಸಿನಲ್ಲಿ ಅವಳನ್ನು ವಾಪಸ್ಸು ಕರೆತಂದೆ; ಮೇಡಂ ಅವಳ ಕ್ಷಮೆ ಕೇಳಿದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಶೈಲಜಾ ಮೇಡಂ ಬೇಡವೆಂದರಂತೆ. ಅಲ್ಲಿಂದಾಚೆಗೆ ನಾವಿಬ್ಬರೂ ಸೇರಿ ಕೆಲಸದ ರೀತಿಯನ್ನೇ ಬದಲಾಯಿಸಿದೆವು. ಚಾರ್ಟಿನಲ್ಲಿ ಒಂದು, ಎರಡು ಎಂದು ಬರೆಯುವುದು ನಿಂತಿತು. ಒಲೆಗೆ ಹಾಕುವ ಮೊದಲು ರಾಗಿಹಿಟ್ಟನ್ನು ಪ್ರತಿಯೊಬ್ಬರ ಲೆಕ್ಕಕ್ಕೆ ತೂಗಿ, ಬೆಂದ ಮೇಲೆ ಮುದ್ದೆಯನ್ನೂ ತೂಗಿ ಬಡಿಸಿದೆವು. ಹೊಟ್ಟೆ ತುಂಬಿದ ಹಾಗೆ ಆಗಲೆಂದು ಮುದ್ದೆ ಚಿಕ್ಕದಾದಷ್ಟೂ ಸೊಪ್ಪು, ತರಕಾರಿ ಹೆಚ್ಚಿಸಿದೆವು. ಸೊಪ್ಪು ಹೆಚ್ಚಿಸಿದ ಕಡೆ ನೀರನ್ನೂ ನೋಡಿಕೊಂಡೆವು. ಹುಣ್ಣಿದ್ದವನಿಗೆ ಮೊಟ್ಟೆ, ಕಾಳು, ಮೊಸರು ಕಡಿಮೆಯಾಗಲು ಬಿಡಲಿಲ್ಲ. ಮದುವೆ ಅಡುಗೆಯವನು ತಕ್ಕಡಿ ಹಿಡಿದಿದ್ದಾನೆ ಎಂದು ನನ್ನ ಹಳೆಯ ಗೆಳೆಯರು ಆಡಿಕೊಂಡರು. ಆಡಿಕೊಳ್ಳಲಿ. ಅವರ ಊಟ ಮಾಡಿದವರು ಎದ್ದು ನಡೆದುಕೊಂಡು ಮನೆಗೆ ಹೋಗುತ್ತಾರೆ. ನನ್ನ ಊಟ ಮಾಡಿದವರು ಅದನ್ನು ತೋಳಿನ ಮೇಲೆ ಎತ್ತಬೇಕು.

ಆಮೇಲಿನ ಜಗಳಗಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಹುಟ್ಟುಹಬ್ಬ ಎಂದು ಕಾರಿನಲ್ಲಿ ಜಿಲೇಬಿ, ಕಡಲೆಹಿಟ್ಟಿನ ಬೋಂಡ ತರುವ ದಾನಿಗಳಿದ್ದರು. ಒಂದು ಸಲ ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ಪಾಪ, ಇವ್ರಿಗೆ ಬೇರೆ ಏನ್ ಸುಖ ಇದೆ? ತಿನ್ನಲಿ ಬಿಡಿ" ಎಂದಳು ರೇಷ್ಮೆ ಸೀರೆಯುಟ್ಟ ಒಬ್ಬ ಹೆಂಗಸು.

"ಸುಖ ಬೇಕಾದಷ್ಟಿದೆ ತಾಯಿ. ಎದ್ದು ಕೂರೋದು ಒಂದು. ಅದನ್ನ ನೀವು ಕಿತ್ಕೊಬೇಡಿ. ಕೊಡ್ಲೇಬೇಕು ಅಂದ್ರೆ ಸೀಬೆಹಣ್ಣು ತನ್ನಿ, ಬೇಡ ಅನ್ನಲ್ಲ."

ಮ್ಯಾನೇಜರು ನನ್ನನ್ನು ಕೋಣೆಗೆ ಕರೆದು, ದಾನಿಗಳಿಗೆ ಎದುರು ಮಾತಾಡಿದರೆ ಮನೆಗೆ ಕಳಿಸುತ್ತೇನೆ ಎಂದರು. ಕಳಿಸಿ, ಹೋಗುವ ಮೊದಲು ವಾರ್ಡಿನಲ್ಲಿ ಎಲ್ಲರನ್ನೂ ಮಗ್ಗುಲು ತಿರುಗಿಸಿ ಹುಣ್ಣು ತೋರಿಸಿ ಹೋಗುತ್ತೇನೆ, ಬನ್ನಿ ಎಂದೆ. ಅವರು ಬರಲಿಲ್ಲ. ಮುಂದಿನ ದಾನಿ ಸೀಬೆಹಣ್ಣು ತಂದರು. ಈ ಕೆಲಸಕ್ಕೆ ಬರುವವರೇ, ಪಾಪ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ನಾನೂ ಪಾಪ ಎಂದವನೇ. ಅದರ ಬೆಲೆ ಏನು ಎಂದು ನೋಡಿ ಹೇಳುತ್ತಿದ್ದೇನೆ.

ಬೆಲೆ ಕೊಟ್ಟವನು ಮುನಿರಾಜು. ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಯುಗಾದಿ ಬಂತು, ಹೋಯಿತು. ಡೈರಿಯ ಜಾಗಕ್ಕೆ ಇನ್ನೊಬ್ಬನನ್ನು ತೆಗೆದುಕೊಂಡರು. ಮುನಿರಾಜು ಬೋರಲು ಮಲಗಿಯೇ ಆ ಸುದ್ದಿ ಕೇಳಿದ. ಅಮ್ಮನೇ ಅವನಿಗೆ ಎಲ್ಲವನ್ನೂ ಹೇಳಿದ್ದಳು. ಅವತ್ತಿನಿಂದ ಮನೆಗೆ ಹೋಗುವ ದಿನದವರೆಗೆ ನನ್ನ ಜೊತೆ ಅವನು ಮಾತಾಡಲಿಲ್ಲ. ನಾನು ತೂಗಿ ಇಟ್ಟ ತಟ್ಟೆಯನ್ನು ಖಾಲಿ ಮಾಡುತ್ತಿದ್ದ, ಅಷ್ಟೆ. ತೂಕ ಇಳಿಯಿತು. ಸೆಲ್ವಂ ಮಾಸ್ತರು ಮತ್ತೆ ಮೊದಲಿನಿಂದ ಶುರು ಮಾಡಿದರು.

ನಿವೃತ್ತಿಯಾದ ಮೇಲೆ ಅವನ ಹಳ್ಳಿಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಮಧ್ಯಾಹ್ನ ಕಳೆದಿತ್ತು. ಅಂಗಳದಲ್ಲಿ ಪಕ್ಕಚಕ್ರದ ಸ್ಕೂಟರು ನಿಂತಿತ್ತು, ಅದರ ಪಕ್ಕ ಗಾಲಿಕುರ್ಚಿಯಲ್ಲಿ ಮುನಿರಾಜು. ಡೈರಿಯ ಸರ್ವಸದಸ್ಯರ ಸಭೆಗೆ ಕುರ್ಚಿ ತಳ್ಳಿಕೊಂಡು ಹೋಗಿ, ಕೂಗಾಡಿ, ಸಂಜೆ ಹಾಲಿನ ಪರೀಕ್ಷೆಯನ್ನಾದರೂ ಕೊಡಿ ಎಂದು ಹಟ ಹಿಡಿದು ಗಿಟ್ಟಿಸಿಕೊಂಡಿದ್ದ. ಬೆಳಗಿನದು ಇವತ್ತಿಗೂ ಇನ್ನೊಬ್ಬನದೇ. ಪೂರ್ತಿ ಸಿಗಬೇಕಾಗಿದ್ದು ಅರ್ಧ ಸಿಕ್ಕಿತ್ತು, ಇನ್ನರ್ಧ ಹೋದದ್ದು ನನ್ನಿಂದ.

"ಮುನಿರಾಜು, ಆ ಜಾಗ ಹೋಗಿದ್ದು ನನ್ನಿಂದ ಕಣಪ್ಪ" ಎಂದೆ. "ಎಲ್ಲಾ ನಾನೇ ಮಾಡಿದ್ದು. ನೀನು ಏನಂದ್ರೂ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವನು ಸ್ಕೂಟರಿನ ಸೀಟು ಒರೆಸುತ್ತಿದ್ದ ಬಟ್ಟೆಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದ.

"ಎಲ್ಲಾ ನೀನೇ ಮಾಡ್ದಾ? ನೀನ್ ಇಕ್ದೆ, ನಾನ್ ತಿಂದೆ. ಕಾಲಿಗೆ ಸ್ವಾಧೀನ ಇರ್ಲಿಲ್ಲ, ಬಾಯಿಗೆ ಇತ್ತಲ್ಲ? ಚಾರ್ಟ್ ಓದಕ್ ಬರ್ತಿತ್ತು, ಮುದ್ದೆ ನೋಡಕ್ ಕಣ್ಣಿತ್ತು. ಬೇಡ ಅನ್ನಬಹುದಿತ್ತು, ಅನ್ಲಿಲ್ಲ. ಎಲ್ಲಾನೂ ನೀವ್ಗಳೇ ಮಾಡಿದ್ರೆ ನಾನೇನ್ ಅಲ್ಲಿ ಹಿಂಡಿ ಮೂಟೆ ಥರ ಬಿದ್ದಿದ್ನಾ? ನನ್ ಪಾಲು ತಪ್ಪು ನಂಗೇ ಇರ್ಲಿ, ಅದನ್ನೂ ಹೊತ್ಕೊಂಡ್ ಹೋಗ್ಬೇಡ."

ನಾನು ಕುರ್ಚಿ ಹಿಡಿಯಲು ಬಗ್ಗಿದೆ.

"ಮುಟ್ಬೇಡ" ಎಂದ.

ಒಂದು ಅಂಗೈಯನ್ನು ಕುರ್ಚಿಯ ಮೇಲೆ ಊರಿದ, ಇನ್ನೊಂದನ್ನು ಸ್ಕೂಟರಿನ ಸೀಟಿನ ಮೇಲೆ. ಕತ್ತಿನ ನರ ಉಬ್ಬಿತು. ಮೈ ಮೇಲೆದ್ದಿತು, ಕುರ್ಚಿಗೂ ಮೈಗೂ ನಡುವೆ ಬೆಳಕು ಕಾಣುವಷ್ಟು. ಕ್ಷಣ ಹೊತ್ತು ಗಾಳಿಯಲ್ಲೇ ನಿಂತು, ಸೀಟಿನ ಮೇಲೆ ಕೂತಿತು. ಎರಡೂ ಕಾಲನ್ನು ಕೈಯಿಂದ ಎತ್ತಿ ಒಂದೊಂದಾಗಿ ಒಳಗಿಟ್ಟುಕೊಂಡ. ಗಾಡಿ ಶುರು ಮಾಡಿದ. ನಾನಿನ್ನೂ ಅದರ ಮುಂದೆಯೇ ನಿಂತಿದ್ದೆ.

"ಹಾಲಿನ ಹೊತ್ತಾಯ್ತು" ಎಂದ. "ದಾರಿ ಬಿಡು."

ಬಿಟ್ಟೆ.